ಪೂರ್ತಿ ಒಪ್ಪುತ್ತೀರೋ, ಸುಮಾರಾಗಿಯೋ?

ಮಾರಿಸ್‌ವಿಲ್‌ನಲ್ಲಿ ನಮ್ಮ ಚಿಕ್ಕಮ್ಮನಿಗೆ ಹೆದರದ ಕನ್ನಡಿಗರು ಯಾರಾದರೂ ಇದ್ದರೆ ಅವರು ನಿನ್ನೆಯೋ ಮೊನ್ನೆಯೋ ವಿಮಾನ ಇಳಿದವರೇ ಇರಬೇಕು. ಜೆಟ್ ಲ್ಯಾಗ್ ಮುಗಿಯುವಷ್ಟರಲ್ಲಿ ಅವರೂ ದಾರಿಗೆ ಬರುತ್ತಾರೆ! ಯಾಕೆ ಅಂತೀರಾ? ಮೊನ್ನೆ ದೇವಸ್ಥಾನದಲ್ಲಿ ಒಬ್ಬ ಪಾಪದ ಹುಡುಗ ಪುಳಿಯೋಗರೆ ತಿನ್ನುತ್ತಾ ನಿಂತಿದ್ದ. ಚಿಕ್ಕಮ್ಮ ಹೋಗಿ "ಹೇಗಿದ್ದೀರಪ್ಪ?" ಅಂದಳು. ಅವನು ಎಲ್ಲರಂತೆ "ಚೆನ್ನಾಗಿದ್ದೀನಿ ಆಂಟಿ" ಅಂದ. ಅಷ್ಟೇ, ಸಿಕ್ಕಿಬಿದ್ದ.

"ಚೆನ್ನಾಗಿದ್ದೀನಿ ಅನ್ನೋ ಮಾತನ್ನ ಪೂರ್ತಿ ಒಪ್ತೀರೋ, ಸುಮಾರಾಗಿ ಒಪ್ತೀರೋ, ಅಷ್ಟಾಗಿ ಒಪ್ಪಲ್ವೋ, ಖಂಡಿತಾ ಒಪ್ಪಲ್ವೋ? ನಾಲ್ಕರಲ್ಲಿ ಒಂದು ಹೇಳಿ."

ಹುಡುಗ ಬಾಯಲ್ಲಿದ್ದ ಪುಳಿಯೋಗರೆ ನುಂಗಿದ. "ಸುಮಾರಾಗಿ... ಆಂಟಿ."

"ಸರಿ. ಎರಡು ವಾರ ಬಿಟ್ಟು ಮತ್ತೆ ಕೇಳ್ತೀನಿ. ಆಗ ಉತ್ತರ ಬದಲಾಗುತ್ತಾ ನೋಡೋಣ."

ಆ ಹುಡುಗ ಅವತ್ತಿನಿಂದ ದೇವಸ್ಥಾನದ ಕಡೆ ತಲೆ ಹಾಕಿಲ್ಲ. ದೇವರ ಮೇಲೆ ಅವನಿಗೇನೂ ಸಿಟ್ಟಿಲ್ಲ ಅಂತ ನಾನು ಬಲ್ಲೆ.

ಚಿಕ್ಕಮ್ಮನಿಗೆ ಈ ಹುಚ್ಚು ಹಿಡಿದದ್ದು ಹೇಗೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೈಸೂರಿನ ಕಾಲೇಜೊಂದರಲ್ಲಿ ಚಿಕ್ಕಮ್ಮ ಫ್ರೆಂಚ್ ಲೆಕ್ಚರರ್ ಆಗಿದ್ದಳು. ಅವಳ ಕ್ಲಾಸಿನಲ್ಲಿ ಫ್ಯಾನಿಗೂ ಸದ್ದು ಮಾಡಲು ಧೈರ್ಯವಿರಲಿಲ್ಲವಂತೆ. ಚಿಕ್ಕಪ್ಪನಿಗೆ ಇಲ್ಲಿನ ಔಷಧಿ ಕಂಪನಿಯೊಂದರಲ್ಲಿ ಅಂಕಿ-ಅಂಶಗಳ ಲೆಕ್ಕ ಹಾಕುವ ಕೆಲಸ ಸಿಕ್ಕಿ ಇಬ್ಬರೂ ಬಂದರು. ಬಂದಮೇಲೆ ಚಿಕ್ಕಮ್ಮನ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ ಅಂದರು. ಕೆಲಸ ಮಾಡಬಹುದು ಅನ್ನುವ ಹೊತ್ತಿಗೆ ಡಿಗ್ರಿಯನ್ನು ಇಲ್ಲಿಯವರು ಪರೀಕ್ಷಿಸಿ ಒಪ್ಪಬೇಕು ಅಂದರು. ಒಪ್ಪುವಷ್ಟರಲ್ಲಿ ಟೀಚರ್ ಲೈಸೆನ್ಸ್ ಪರೀಕ್ಷೆ ಬರೆಯಿರಿ ಅಂದರು. "ನನ್ನ ಹತ್ರ ಕಲಿತವರು ಲೆಕ್ಚರರ್ ಆಗಿದ್ದಾರೆ, ನಾನು ಕೂತ್ಕೊಂಡು ಎಬಿಸಿಡಿ ಬರೀಬೇಕಾ?" ಅಂತ ಚಿಕ್ಕಮ್ಮ ರೇಗಿದಳು. ಅಷ್ಟರಲ್ಲಿ ಕೊರೋನಾ ಬಂತು. ಎರಡು ವರ್ಷ ಟೌನ್‌ಹೌಸಿನ ಡೆಕ್ಕಿನಲ್ಲಿ ತುಳಸಿ ಗಿಡದ ಜೊತೆ ಫ್ರೆಂಚ್ ಮಾತಾಡಿದಳು. ಆ ತುಳಸಿ ಸೊಂಪಾಗಿ ಬೆಳೆಯಿತು, ಆ ಮಾತು ಬೇರೆ.

ಆಮೇಲೆ ರ‍್ಯಾಲಿ ನಗರದ ಒಂದು ಸಣ್ಣ ಕ್ಲಿನಿಕ್‌ಗೆ ದುಭಾಷಿಯಾಗಿ ಹೋಗತೊಡಗಿದಳು. ಕಾಂಗೋ, ಟೋಗೊ, ಐವರಿ ಕೋಸ್ಟ್ ಕಡೆಯಿಂದ ಬಂದ ಫ್ರೆಂಚ್ ಮಾತಾಡುವ ಹೆಂಗಸರು ಅಲ್ಲಿಗೆ ಬರುತ್ತಾರೆ. ಮನೆ ಮಠ ಬಿಟ್ಟು ಬಂದು ಮನಸ್ಸು ಕುಗ್ಗಿದವರು. ಅವರಿಗಾಗಿ ಒಬ್ಬ ಆಪ್ತಸಮಾಲೋಚಕಿಯನ್ನು ಕಾಯಂ ಆಗಿ ನೇಮಿಸಬೇಕು ಅಂತ ಕ್ಲಿನಿಕ್ಕಿನ ಡಾಕ್ಟರಮ್ಮನ ಆಸೆ. ಆದರೆ ಹಣ ಕೊಡುವ ಮೇಲಿನವರು ಒಂದು ಷರತ್ತು ಹಾಕಿದರು. ಇವರ ಮನಸ್ಸು ಎಷ್ಟು ಕುಗ್ಗಿದೆ, ಆಮೇಲೆ ಎಷ್ಟು ಚೇತರಿಸಿತು ಅಂತ ಅಳೆದು ತೋರಿಸಿ. ಅಳೆಯುವ ಪ್ರಶ್ನಾವಳಿ ಫ್ರೆಂಚಿನಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ ಅಂತ ಬೇಸಿಗೆ ಮುಗಿಯುವುದರೊಳಗೆ ಸಾಬೀತು ಮಾಡಿ. ಇಲ್ಲದಿದ್ದರೆ ಸಮಾಲೋಚಕಿ ಇಲ್ಲ.

ಇಂಗ್ಲಿಷಿನಲ್ಲಿ ಅದು ಹತ್ತೇ ವಾಕ್ಯ. ನನ್ನ ಬಗ್ಗೆ ನನಗೆ ತೃಪ್ತಿಯಿದೆ, ನನ್ನ ಮಾತನ್ನು ಜನ ಕೇಳಬೇಕು ಅನಿಸುತ್ತದೆ, ನನಗೂ ಬೆಲೆಯಿದೆ, ಇಂಥವು. ಪ್ರತಿಯೊಂದಕ್ಕೂ ನಾಲ್ಕು ಬಗೆಯ ಉತ್ತರ. ಫ್ರಾನ್ಸಿನಲ್ಲಿ ಮಾಡಿದ ಅನುವಾದವೂ ಒಂದಿತ್ತು. ಚಿಕ್ಕಮ್ಮ ಅದನ್ನು ಓದಿ ಮೂಗು ಮುರಿದಳು. "ಇದು ಪ್ಯಾರಿಸ್ಸಿನ ಕಾಲೇಜು ಮಕ್ಕಳಿಗೆ ಬರೆದಿದ್ದು. ಕಾಂಗೋದಿಂದ ಬಂದಿರೋ ಅಜ್ಜಿ ಹತ್ರ ಹೀಗೆ ಯಾರಾದ್ರೂ ಕೇಳ್ತಾರೇನೇ? ನಾನು ಮಾಡ್ತೀನಿ!"

ನಮ್ಮ ಚಿಕ್ಕಮ್ಮ "ನಾನು ಮಾಡ್ತೀನಿ" ಅಂದಮೇಲೆ ಮುಗಿಯಿತು. ಬ್ರಹ್ಮ ಬಂದರೂ ಅವಳನ್ನು ತಡೆಯಲಾರ. ಚಿಕ್ಕಪ್ಪ ತಡೆಯುವ ಪ್ರಯತ್ನವನ್ನೇ ಮಾಡಲಿಲ್ಲ, ಅವರಿಗೆ ಅನುಭವವಿದೆ.

ಹತ್ತು ವಾಕ್ಯ ಬರೆಯಲು ಎಷ್ಟು ಹೊತ್ತು ಬೇಕು? ಒಂದು ಕಾಫಿ ಕುಡಿಯುವಷ್ಟು ಅಂತ ನಾನಂದುಕೊಂಡಿದ್ದೆ. ಚಿಕ್ಕಮ್ಮ ಮೂರು ತಿಂಗಳು ತೆಗೆದುಕೊಂಡಳು! ಆಮೇಲೆ ಗೊತ್ತಾಯಿತು, ಅದು ಬರೀ ಶುರುವಂತೆ. ಅವಳು ಫ್ರೆಂಚಿನಲ್ಲಿ ಬರೆದದ್ದನ್ನು ಬೇರೆಯವರು, ಮೂಲವನ್ನು ನೋಡದೆ, ಮತ್ತೆ ಇಂಗ್ಲಿಷಿಗೆ ತರಬೇಕು. ಹೋದ ಅರ್ಥವೇ ಹಿಂತಿರುಗಿ ಬಂದರೆ ಪಾಸು.

"ಅದಕ್ಕೇನಂತೆ!" ಅಂದಳು ಚಿಕ್ಕಮ್ಮ. "ಈ ಊರಲ್ಲಿ ಫ್ರೆಂಚ್ ಕಲಿತ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ."

ಇಲ್ಲೇ ಎಡವಟ್ಟಾದದ್ದು. ಹೌದು, ಇದ್ದೇವೆ. ಬೆಂಗಳೂರಿನಲ್ಲಿ ಪಿಯುಸಿ ಓದಿದವರಲ್ಲಿ ಫ್ರೆಂಚ್ ತೆಗೆದುಕೊಂಡವರು ರಾಶಿ ರಾಶಿ. ಯಾಕೆ ತೆಗೆದುಕೊಂಡೆವು? ಫ್ರೆಂಚ್ ಮೇಲಿನ ಪ್ರೀತಿಯಿಂದಲೇ? ಛೆ ಛೆ! ಅದರಲ್ಲಿ ಅಂಕ ಚೆನ್ನಾಗಿ ಬರುತ್ತದೆ ಅಂತ. ನಾನೇ ತೊಂಬತ್ತೇಳು ತೆಗೆದವಳು. ನನ್ನ ಅಂಕಪಟ್ಟಿ ನೋಡಿದರೆ ನಾನು ಪ್ಯಾರಿಸ್ಸಿನಲ್ಲೇ ಹುಟ್ಟಿದವಳು ಅನ್ನಬೇಕು. ಆದರೆ ಒಂದು ಲೋಟ ನೀರು ಕೊಡಿ ಅಂತ ಫ್ರೆಂಚಿನಲ್ಲಿ ಕೇಳಬೇಕಾಗಿ ಬಂದರೆ ಬಾಯಾರಿಯೇ ಸಾಯುತ್ತೇನೆ.

ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಮ್ಮನ ಕರೆ ಹೋಯಿತು. ಭಾನುವಾರ ಬೆಳಿಗ್ಗೆ ಅವಳ ಮನೆಯ ಸೋಫಾ ಸಾಲದೆ ಮೆಟ್ಟಿಲ ಮೇಲೂ ಜನ ಕೂತರು. ಎಲ್ಲರೂ ತೊಂಬತ್ತರ ಮೇಲೆ ತೆಗೆದ ಘಟಾನುಘಟಿಗಳು! ದೂರದ ಸುವಾನಿ ಊರಿನಿಂದ ಬೀಗರ ಮನೆಗೆ ಬಂದಿದ್ದ ಒಬ್ಬ ಅಂಕಲ್ ಕೂಡ ಸೇರಿಕೊಂಡರು. ಚಿಕ್ಕಮ್ಮ ಹಾಳೆ ಹಂಚಿ, ಗಡಿಯಾರ ನೋಡಿ, "ಪಕ್ಕದವರದ್ದು ನೋಡೋ ಹಾಗಿಲ್ಲ" ಅಂದಳು. ಐದು ನಿಮಿಷ ಎಲ್ಲರೂ ಪೆನ್ನು ಕಚ್ಚಿದರು. ಆಮೇಲೆ ಎಲ್ಲರ ಕೈಯೂ ಫೋನಿನ ಕಡೆ ಹೋಯಿತು.

"ಫೋನ್ ಮುಟ್ಟಿದ್ರೆ ಹುಷಾರ್!"

ಕೊನೆಗೆ ಹಾಳೆಗಳನ್ನು ಕಸಿದುಕೊಂಡು ಓದಿದಳು. ಅರ್ಧ ಜನ ಖಾಲಿ ಕೊಟ್ಟಿದ್ದರು. ಇನ್ನರ್ಧ ಜನ ಮನಸ್ಸಿಗೆ ಬಂದದ್ದನ್ನು ಗೀಚಿದ್ದರು. ಸುವಾನಿಯ ಅಂಕಲ್ ಮಾತ್ರ ಪುಟ ತುಂಬಾ ಬರೆದಿದ್ದರು, ಅದೂ ಫ್ರೆಂಚಿನಲ್ಲೇ!

"ಏನ್ರೀ ಇದು? ರಜೆಗೆ ನಮ್ಮೂರಿಗೆ ಬಾ ಅಂತ ಗೆಳೆಯನಿಗೆ ಬರೆದಿರೋ ಪತ್ರ?"

"ನನಗೆ ಬಾಯಿಪಾಠ ಇರೋದು ಅದೊಂದೇ ಮೇಡಂ," ಅಂದರು ಅವರು ವಿನಯದಿಂದ. "ಪರೀಕ್ಷೆಯಲ್ಲಿ ಅದಕ್ಕೆ ಫುಲ್ ಮಾರ್ಕ್ಸ್ ಬಂದಿತ್ತು."

ಚಿಕ್ಕಮ್ಮ ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು. "ನಿಮ್ಮನ್ನೆಲ್ಲ ಪಾಸು ಮಾಡಿದವರು ಯಾರೋ ಪುಣ್ಯಾತ್ಮರು, ಅವರು ನನ್ನ ಕೈಗೆ ಸಿಕ್ಕಬೇಕಿತ್ತು!" ಬೈದಳು ನಿಜ, ಆದರೆ ಒಬ್ಬರನ್ನೂ ಬಿಸಿಬೇಳೆಬಾತ್ ತಿನ್ನಿಸದೆ ಕಳಿಸಲಿಲ್ಲ. ಮುಂದಿನ ಶನಿವಾರ ನಾನು ಅವಳನ್ನು ಎರಡೂವರೆ ಗಂಟೆ ದೂರದ ಬ್ಯಾಲಂಟೈನ್‌ಗೆ ಡ್ರೈವ್ ಮಾಡಿಕೊಂಡು ಹೋಗಬೇಕಾಯಿತು. ಅಲ್ಲಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಐವರಿ ಕೋಸ್ಟಿನ ಹೆಂಗಸೊಬ್ಬರು ಹತ್ತು ವಾಕ್ಯಗಳನ್ನೂ ಇಂಗ್ಲಿಷಿಗೆ ತಿರುಗಿಸಿ ಕೊಟ್ಟರು. ಹೋದ ಅರ್ಥವೇ ಹಿಂತಿರುಗಿ ಬಂತು. ಬರುವಾಗ ದಾರಿಯುದ್ದಕ್ಕೂ ಚಿಕ್ಕಮ್ಮ ನನಗೆ ಕ್ರಿಯಾಪದ ಹೇಳಿಕೊಟ್ಟಳು. ನಾನು ಹೈವೇಯಲ್ಲಿ ಎಕ್ಸಿಟ್ ತಪ್ಪಿಸಿಕೊಂಡೆ.

ಇನ್ನು ಜನರನ್ನು ಕೇಳುವ ಹಂತ. ಅದಕ್ಕೊಂದು ಕಟ್ಟುನಿಟ್ಟಿನ ನಿಯಮವಿದೆ. ಕೇಳುವವರು ತಮ್ಮ ಅಭಿಪ್ರಾಯ ಹೇಳಬಾರದು, ತಲೆಯಾಡಿಸಬಾರದು, ಮುಖದಲ್ಲಿ ಮೆಚ್ಚುಗೆಯಾಗಲಿ ಬೇಸರವಾಗಲಿ ತೋರಿಸಬಾರದು. ಉತ್ತರಿಸುವವರ ಮನಸ್ಸು ಒಂದಿಷ್ಟು ಆ ಕಡೆ ಈ ಕಡೆ ವಾಲಿದರೂ ಆ ಹಾಳೆ ರದ್ದು. ನಮ್ಮ ಚಿಕ್ಕಮ್ಮನ ಮುಖ ನೀವು ನೋಡಿಲ್ಲ! ಆ ಎಡಗಡೆ ಹುಬ್ಬು ಒಂದು ಏರಿತೆಂದರೆ ಮೈಸೂರಿನ ಅರ್ಧ ಕಾಲೇಜು ಬೆವರುತ್ತಿತ್ತು. ಅದನ್ನು ಪಳಗಿಸಲು ಅವಳು ರಾತ್ರಿ ಊಟವಾದ ಮೇಲೆ ಚಿಕ್ಕಪ್ಪನ ಮೇಲೆ ಅಭ್ಯಾಸ ಮಾಡಿದಳು.

"ರೀ, ನನ್ನ ಬಗ್ಗೆ ನನಗೆ ತೃಪ್ತಿಯಿದೆ. ಎಷ್ಟು ಒಪ್ತೀರಿ?"

"ನೀನು ಹೇಗೆ ಹೇಳ್ತೀಯೋ ಹಾಗೆ."

"ನಾನು ಏನೂ ಹೇಳೋ ಹಾಗಿಲ್ಲ ರೀ. ಅದೇ ರೂಲು."

ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಮದುವೆಯಾದಾಗಿನಿಂದ ಈ ರೂಲು ಇರಲೇ ಇಲ್ವಲ್ಲೇ! ಮೊದಲೇ ಹೇಳಿದ್ರೆ ಅಭ್ಯಾಸ ಮಾಡ್ಕೋತಿದ್ದೆ."

ಹುಬ್ಬು ಅವತ್ತು ಸೂರಿಗೆ ತಾಗುವುದೊಂದು ಬಾಕಿ. ಆದರೆ ಛಲ ಬಿಡದೆ ಅಭ್ಯಾಸ ಮಾಡಿ ಮಾಡಿ, ಒಂದು ತಿಂಗಳಲ್ಲಿ ಆ ಮುಖವನ್ನು ಪಾಸ್‌ಪೋರ್ಟ್ ಫೋಟೋ ಮಟ್ಟಕ್ಕೆ ತಂದಳು. ನಾನು ಎದುರಿಗೆ ಕೂತು ಎಷ್ಟು ಜೋಕ್ ಹೇಳಿದರೂ ನಗಲಿಲ್ಲ. ಅವಳಿಗೆ ನನ್ನ ಜೋಕುಗಳು ಮೊದಲಿನಿಂದಲೂ ಅಷ್ಟಕ್ಕಷ್ಟೇ ಅನ್ನುವುದು ಆಮೇಲೆ ಹೊಳೆಯಿತು.

ಮೊದಲ ಸುತ್ತಿನ ಹಾಳೆಗಳು ಬಂದವು. ಚಿಕ್ಕಪ್ಪ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಲೆಕ್ಕ ಹಾಕಿದರು.

"ಎಲ್ಲರೂ ಎಲ್ಲದಕ್ಕೂ ಪೂರ್ತಿ ಒಪ್ಪುತ್ತೇನೆ ಅಂತ ಹಾಕಿದ್ದಾರಲ್ಲೇ! ಇಷ್ಟು ಸುಖವಾಗಿರೋ ಜನ ಯಾವ ಕಡೆ ಇದ್ದಾರೆ? ನಾವೂ ಮನೆ ಮಾರಿ ಅಲ್ಲಿಗೇ ಹೋಗಿಬಿಡೋಣ."

ಚಿಕ್ಕಮ್ಮ ಮಂಕಾದಳು. ಮನಸ್ಸು ಕುಗ್ಗಿದೆ ಅಂತ ಕ್ಲಿನಿಕ್‌ಗೆ ಬಂದವರು ಹೀಗೆ ಬರೆಯುತ್ತಾರೆಯೇ? ಪ್ರಶ್ನಾವಳಿಯೇ ಕೆಟ್ಟಿತೇ? ಡಾಕ್ಟರಮ್ಮನೂ ತಲೆ ಕೆಡಿಸಿಕೊಂಡರು. ಗುಟ್ಟು ಒಡೆದದ್ದು ಟೋಗೊದ ಒಬ್ಬ ಅಜ್ಜಿ. ಅವರು ನಗುತ್ತಾ ಹೇಳಿದ್ದನ್ನು ಚಿಕ್ಕಮ್ಮ ನನಗೆ ಹೀಗೆ ಹೇಳಿದಳು: "ಅಮ್ಮಾ, ನೀನು ಕೈಯಾರೆ ಕರಿದು ತಂದದ್ದನ್ನ ಬಾಯಿ ತುಂಬ ತಿಂದು, ನಿನ್ನ ಎದುರಿಗೇ ಕೂತು, ನಾನು ಕೆಲಸಕ್ಕೆ ಬಾರದವಳು ಅಂತ ಹೇಗೆ ಬರೆಯಲಿ? ಅದು ಮರ್ಯಾದೆಯೇ?"

ಹೌದು, ಚಕ್ಕುಲಿ! ಹುಬ್ಬನ್ನು ಕಟ್ಟಿಹಾಕಿದ ನಮ್ಮ ಚಿಕ್ಕಮ್ಮ ಚಕ್ಕುಲಿಯನ್ನು ಕಟ್ಟಿಹಾಕಲು ಮರೆತಿದ್ದಳು. ಪ್ರಶ್ನೆಗೆ ಮುಂಚೆ ಎಲ್ಲರ ಕೈಗೂ ತಟ್ಟೆ ಕೊಡುತ್ತಿದ್ದಳು. ಜೊತೆಗೆ ಫ್ಲಾಸ್ಕಿನಿಂದ ಕಾಫಿ ಬೇರೆ! ಇಡೀ ಸುತ್ತು ರದ್ದಾಯಿತು.

"ಬಂದವರಿಗೆ ಒಂದು ಲೋಟ ಕಾಫಿಯನ್ನೂ ಕೊಡದೆ, ನಿನಗೆ ಬೆಲೆ ಇದೆಯೇನಮ್ಮಾ ಅಂತ ಕೇಳೋದು ಹೇಗೇ?" ಅಂತ ಅವಳು ನನ್ನನ್ನು ಕೇಳಿದಳು. ನನಗೇನು ಗೊತ್ತು? ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗು. ಸಾಫ್ಟ್‌ವೇರ್‌ಗೆ ಯಾರೂ ಚಕ್ಕುಲಿ ಕೊಡುವುದಿಲ್ಲ.

ಬಿಟ್ಟಳೇ? ಇಲ್ಲ. ಮೊದಲಿನಿಂದ ಶುರು ಮಾಡಿದಳು. ಹೊಸ ಜನರನ್ನು ಹುಡುಕಲು ಡರ್ಹಮ್, ಗ್ರೀನ್ಸ್‌ಬರೊ ಚರ್ಚುಗಳಿಗೆ ಹೋದೆವು. ಚಕ್ಕುಲಿ ಡಬ್ಬಿ ನನ್ನ ಕಾರಿನ ಟ್ರಂಕಿನಲ್ಲಿ, ಬೀಗದೊಳಗೆ. ಬೀಗದ ಕೈ ನನ್ನ ಜೇಬಿನಲ್ಲಿ. ಪ್ರಶ್ನೆ ಮುಗಿದು ಹಾಳೆ ಲಕೋಟೆ ಸೇರಿದ ಮೇಲೆ ಮಾತ್ರ ಡಬ್ಬಿ ಹೊರಗೆ. ಅಷ್ಟು ಹೊತ್ತೂ ಚಿಕ್ಕಮ್ಮ ಖಾಲಿ ಕೈಯನ್ನು ಮಡಿಲಲ್ಲಿ ಹಿಸುಕಿಕೊಳ್ಳುತ್ತಾ ಕೂತಿರುತ್ತಿದ್ದಳು. ಈ ಸಲ ಹಾಳೆಗಳು ನಿಜ ಹೇಳತೊಡಗಿದವು. ಆ ನಿಜ ಓದಿ ಚಿಕ್ಕಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಎರಡು ವಾರ ಬಿಟ್ಟು ಅವರನ್ನೇ ಮತ್ತೆ ಕೇಳಬೇಕು. ಎರಡೂ ಸಲದ ಉತ್ತರ ಹತ್ತಿರ ಹತ್ತಿರ ಬಂದರೆ ಪ್ರಶ್ನಾವಳಿ ಗಟ್ಟಿ ಅಂತ ಲೆಕ್ಕ. ಆದರೆ ಅದು ಹೇಳಿದಷ್ಟು ಸುಲಭವಲ್ಲ. "ಹೋದ ಸಲ ನಾನು ಫೇಲಾದೆನೇ?" ಅಂತ ಒಬ್ಬರು ಕಣ್ಣೀರು ಹಾಕಿದರಂತೆ. "ನನ್ನ ಹಾಳೆ ಕಳೆದುಹಾಕಿದೆಯಾ? ಇಷ್ಟು ಓದಿದವಳು, ಜೋಪಾನವಾಗಿ ಇಟ್ಟುಕೊಳ್ಳಬಾರದೇ?" ಅಂತ ಇನ್ನೊಬ್ಬರು ಚಿಕ್ಕಮ್ಮನನ್ನೇ ಗದರಿಸಿದರಂತೆ. ನಮ್ಮ ಚಿಕ್ಕಮ್ಮನನ್ನು ಗದರಿಸುವವರು! ಆ ತಾಯಿಯ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು ಅನಿಸಿತು ನನಗೆ.

ಹೀಗೆ ಒಬ್ಬೊಬ್ಬರನ್ನೇ ಮುಗಿಸುತ್ತಾ ಕಡೆಗೆ ಉಳಿದವರು ಮಾದಾಮ್ ಬೆರ್ನಾದೆತ್. ಅವರದೊಂದು ಆದರೆ ಎಣಿಕೆ ಪೂರ್ತಿ, ಶುಕ್ರವಾರದ ಗಡುವಿನೊಳಗೆ ವರದಿ ಕಳಿಸಬಹುದು. ಕಾಂಗೋದಲ್ಲಿ ಅವರು ಸ್ಕೂಲ್ ಟೀಚರ್ ಆಗಿದ್ದರು. ಇಲ್ಲಿ ಏರ್‌ಪೋರ್ಟ್ ಹತ್ತಿರದ ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ. ಮೊದಲ ಸಲ ಕೇಳಿದಾಗ ಒಂಬತ್ತು ವಾಕ್ಯಗಳಿಗೆ ಗುರುತು ಹಾಕಿ, 'ನನಗೂ ಬೆಲೆಯಿದೆ' ಅನ್ನುವ ಕೊನೆಯ ವಾಕ್ಯದ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದು, ಕೊನೆಗೆ 'ಅಷ್ಟಾಗಿ ಒಪ್ಪಲ್ಲ' ಅಂತ ಹಾಕಿದ್ದರಂತೆ.

ಆ ಮಧ್ಯಾಹ್ನ ಕ್ಲಿನಿಕ್ಕಿನ ಸಣ್ಣ ರೂಮಿನಲ್ಲಿ ನಾನೂ ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ಹೊರಗೆ ಸುಡುಬಿಸಿಲು, ಕಾರಿನಲ್ಲಿ ಕೂರುವ ಹಾಗಿರಲಿಲ್ಲ. ಬೆರ್ನಾದೆತ್ ಸರಸರ ಗುರುತು ಹಾಕುತ್ತಾ ಬಂದು ಅದೇ ವಾಕ್ಯದ ಹತ್ತಿರ ನಿಂತರು. ಚಿಕ್ಕಮ್ಮನ ಮುಖ ಪಾಸ್‌ಪೋರ್ಟ್ ಫೋಟೋ. ಬೆರ್ನಾದೆತ್ ತಲೆಯೆತ್ತಿ ಮೆಲ್ಲಗೆ, ಬಿಡಿಬಿಡಿಯಾಗಿ ಒಂದು ಮಾತು ಕೇಳಿದರು. ನನ್ನ ಹರಕು ಫ್ರೆಂಚಿಗೂ ಅರ್ಥವಾಗುವಷ್ಟು ಸರಳವಾದ ಮಾತು.

"ಎರಡು ಸಲ ನನ್ನನ್ನು ಕೇಳಿದಿರಿ. ನಿಮ್ಮನ್ನು ಯಾರಾದರೂ ಕೇಳಿದರೇ?"

ಚಿಕ್ಕಮ್ಮ ಉತ್ತರ ಕೊಡುವ ಹಾಗಿರಲಿಲ್ಲ. ಹಾಳೆ ತುಂಬುವಾಗ ಎಷ್ಟೋ ಜನ ನಿನ್ನ ಉತ್ತರವೇನು ಅಂತ ಕೇಳಿದ್ದರು, 'ನನ್ನ ಅಭಿಪ್ರಾಯ ಇಲ್ಲಿ ಮುಖ್ಯವಲ್ಲ' ಅಂತ ಜಾರಿಕೊಂಡಿದ್ದಳು. ಈ ಸಲವೂ ಬಾಯಿ ತೆರೆದಳು. ಆ ಮಾತು ಬರಲಿಲ್ಲ. ಹುಬ್ಬು ಏರಲಿಲ್ಲ, ಬದಲಿಗೆ ಕಣ್ಣು ಕೆಳಗಿಳಿಯಿತು.

"ಮೊದಲು ಪೂರ್ತಿ ಒಪ್ಪುತ್ತಿದ್ದೆ," ಅಂದಳು ಫ್ರೆಂಚಿನಲ್ಲಿ, ನಿಧಾನವಾಗಿ. "ಈ ದೇಶಕ್ಕೆ ಬಂದಮೇಲೆ ಬಹಳ ದಿನ ಒಪ್ಪಲಿಲ್ಲ."

ಮಾರಿಸ್‌ವಿಲ್ಲನ್ನೇ ನಡುಗಿಸುವ ನಮ್ಮ ಚಿಕ್ಕಮ್ಮ! ಬೆರ್ನಾದೆತ್ ಮೇಜಿನ ಮೇಲಿದ್ದ, ಯಾರೂ ತುಂಬದ ಒಂದು ಪ್ರಶ್ನಾವಳಿ ಎಳೆದುಕೊಂಡು, ಮೇಲೆ ಚಿಕ್ಕಮ್ಮನ ಹೆಸರು ಬರೆದು, ಆ ವಾಕ್ಯದ ಮುಂದೆ 'ಪೂರ್ತಿ ಒಪ್ಪುತ್ತೇನೆ' ಅನ್ನುವಲ್ಲಿ ಒತ್ತಿ ಗುರುತು ಹಾಕಿದರು. ಟೀಚರಮ್ಮ ಮಕ್ಕಳ ನೋಟ್ಸಿಗೆ ಹಾಕುವಂಥ ದೊಡ್ಡ ಗುರುತು. "ಇದು ನಿಮ್ಮದು," ಅಂದರು. ಆಮೇಲೆ ತಮ್ಮ ಹಾಳೆಯಲ್ಲೂ ಅಲ್ಲಿಯೇ ಗುರುತು ಹಾಕಿ, "ಇದು ನನ್ನದು" ಅಂತ ಮುಂದಕ್ಕೆ ಸರಿಸಿದರು.

ಕಾರಿಗೆ ಬಂದು ಕೂತ ಮೇಲೆ ಚಿಕ್ಕಮ್ಮ ಸೀಟ್ ಬೆಲ್ಟ್ ಹಾಕಿಕೊಳ್ಳಲೂ ಆಗದೆ ಅತ್ತಳು. "ಆ ಕೈ ನೋಡಿದ್ಯೇನೇ? ಸೋಪಿನಲ್ಲಿ ಹೇಗೆ ಬಿರುಕು ಬಿಟ್ಟಿದೆ! ಆ ಕೈಯಲ್ಲಿ ನನಗೆ ಗುರುತು ಹಾಕಿಕೊಟ್ಟಳು ಕಣೇ." ಕಣ್ಣೊರೆಸಿಕೊಂಡು ಅವಳೇ ಅಂದಳು: "ಆ ಹಾಳೆ ರದ್ದು. ನಾನು ಬಾಯಿ ಬಿಟ್ಟುಬಿಟ್ಟೆ. ಇನ್ನೊಬ್ಬರು ಬೇಕು, ಶುಕ್ರವಾರದೊಳಗೆ ಬೇಕು."

"ಚಿಕ್ಕಮ್ಮಾ, ಅಲ್ಲಿದ್ದದ್ದು ನಾವು ಮೂವರೇ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ. ಗಾಡಿ ತೆಗಿ."

ಚಕ್ಕುಲಿಯಿಲ್ಲದ ಸುತ್ತಿನಲ್ಲಿ ಒಂದು ಸಲ ಉತ್ತರ ಕೊಟ್ಟು ಊರು ಬದಲಾಯಿಸಿದ್ದ ಒಬ್ಬರನ್ನು ಗ್ರೀನ್‌ವಿಲ್‌ವರೆಗೂ ಹುಡುಕಿಕೊಂಡು ಹೋದೆವು. ಹೋಗುತ್ತಾ ಬರುತ್ತಾ ಇಡೀ ಒಂದು ದಿನ ಕಾರಿನಲ್ಲೇ ಕಳೆಯಿತು. ಚಿಕ್ಕಪ್ಪನ ಲೆಕ್ಕ ತಾಳೆಯಾಯಿತು. ಮೇಲಿನವರು ತಿಂಗಳುಗಟ್ಟಲೆ ಕಾಯಿಸಿ ಕಾಯಿಸಿ ಕೊನೆಗೆ ಒಪ್ಪಿದರು. ಸಮಾಲೋಚಕಿ ಬಂದರು, ಹೆಂಗಸರ ಗುಂಪು ಶುರುವಾಯಿತು. ಆರು ತಿಂಗಳ ಮೇಲೆ, ಎಷ್ಟು ಚೇತರಿಸಿಕೊಂಡಿದ್ದಾರೆ ಅಂತ ನೋಡಲು ಎಲ್ಲರಿಗೂ ಆ ಹತ್ತು ವಾಕ್ಯಗಳನ್ನು ಕೊಟ್ಟರು. ಕೇಳಿದವರು ಬೇರೆ, ಅವತ್ತು ಚಿಕ್ಕಮ್ಮನಿಗೆ ಆ ರೂಮಿನೊಳಗೆ ಪ್ರವೇಶವಿರಲಿಲ್ಲ. ಗಾಜಿನ ಬಾಗಿಲ ಹೊರಗೆ ನಿಂತಳು. ತನ್ನ ಮುಖ ನೋಡಿ ಯಾರ ಮನಸ್ಸಾದರೂ ವಾಲೀತು ಅಂತ ಗೋಡೆಯ ಕಡೆ ತಿರುಗಿ, ಒಳಗೆ ನೋಡಿ ಹೇಳಲು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಳು.

"ಬೆರ್ನಾದೆತ್ ಬಂದಿದಾಳಾ?" ಅಂದಳು ಗೋಡೆಗೆ.

"ಬಂದಿದಾರೆ. ಬರೀತಿದಾರೆ."

"ಆ ವಾಕ್ಯಕ್ಕೆ ಬಂದಳಾ?"

"ಈಗ ಬಂದ್ರು. ಪೆನ್ನು ಹಾಳೆಯ ಕೊನೆಗೆ ಬಂದಿದೆ."

ಚಿಕ್ಕಮ್ಮ ಗೋಡೆಗೆ ಅಂಗೈ ಊರಿದಳು. "ಪೆನ್ನು ನಿಂತಿತಾ?"

ಎಲ್ಲಿ ಗುರುತು ಹಾಕಿದರೋ ನನಗೆ ಕಾಣಿಸಲಿಲ್ಲ, ಅಷ್ಟು ದೂರ. ಆದರೆ ಕೈ ಕಾಣಿಸಿತು.

"ಇಲ್ಲ ಚಿಕ್ಕಮ್ಮ," ಅಂದೆ. "ನಿಲ್ಲಲಿಲ್ಲ."